ಜಗಲಿಯ ಮೇಲಿನ ಹಾರ್ಡ್ ಡಿಸ್ಕ್

ನನ್ನ ಹಾರ್ಡ್ ಡಿಸ್ಕಿನ ನೆತ್ತಿಯ ಮೇಲೆ ಒಂದು ಕುಂಕುಮದ ಕಲೆ ಇದೆ. ಅದರ ಸುತ್ತ ವಿಭೂತಿಯೂ ಇತ್ತು, ಕೈ ಸೋಕಿ ಸೋಕಿ ಹೋಯಿತು. ಕುಂಕುಮ ಮಾತ್ರ ಹಟ ಹಿಡಿದು ಕೂತಿದೆ. ಹಾಡು ರೆಕಾರ್ಡ್ ಮಾಡಿಸಲು ಬಂದವರು, ಅದರಲ್ಲೂ ನಾಲ್ಕಕ್ಷರ ಕಂಪ್ಯೂಟರ್ ಕಲಿತವರು, ಅದನ್ನು ನೋಡಿ ಮೀಸೆಯಲ್ಲೇ ನಗುತ್ತಾರೆ. ಒಬ್ಬ ಮಹಾನುಭಾವರಂತೂ, 'ಒಂಚೂರು ಸ್ಪಿರಿಟ್ ಹಚ್ಚಿ ಒರೆಸ್ರಿ ಮೇಡಂ, ಹೋಗ್ತದ' ಎಂದು ಉಪಾಯವನ್ನೂ ಹೇಳಿಕೊಟ್ಟರು. ಉಪಾಯ ನನಗೂ ಗೊತ್ತು. ಒರೆಸುವುದಿಲ್ಲ, ಅಷ್ಟೇ.

ರೆಕಾರ್ಡ್ ಎಂದ ಕೂಡಲೇ ನೀವು ಗಾಜಿನ ಗೋಡೆಯ ದೊಡ್ಡ ಸ್ಟುಡಿಯೋ ಕಲ್ಪಿಸಿಕೊಳ್ಳಬೇಡಿ. ಶಹಾಪುರದ ನಮ್ಮ ಮನೆಯ ಹಿಂದಿನ ಕೋಣೆ ಅದು. ಮೊದಲು ಅಲ್ಲಿ ಹತ್ತಿ ತುಂಬುತ್ತಿದ್ದರು. ದನಿ ಗೋಡೆಗೆ ಬಡಿದು ವಾಪಸ್ ಬರಬಾರದೆಂದು ಸುತ್ತಲೂ ಹಳೆಯ ಕೌದಿಗಳನ್ನು ಮೊಳೆ ಹೊಡೆದು ತೂಗುಹಾಕಿದ್ದೇನೆ. ರೆಕಾರ್ಡ್ ಮಾಡುವಾಗ ಫ್ಯಾನ್ ಬಂದ್ ಮಾಡಬೇಕು, ನಮ್ಮೂರ ಬಿಸಿಲಲ್ಲಿ ಫ್ಯಾನ್ ಬಂದ್ ಮಾಡಿದರೆ ಏನಾಗುತ್ತದೆ ಎಂದು ಬಲ್ಲವರೇ ಬಲ್ಲರು. ಎರಡು ನುಡಿ ಹಾಡುವಷ್ಟರಲ್ಲಿ ಹಾಡುವವರೂ ನಾನೂ ಬೆವರಿ ತೊಪ್ಪೆಯಾಗಿರುತ್ತೇವೆ. ಒಂದು ಕಾಲಕ್ಕೆ ನಾನು ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದೆ. ಅದಕ್ಕೇ ಸುತ್ತಲಿನ ಹಳ್ಳಿಯವರಿಗೆ ನಾನು ಇವತ್ತಿಗೂ 'ಅಕ್ಕಾರು'. ಕಂಪ್ಯೂಟರಿನಲ್ಲಿ ಹಾಡು ಕಟ್ಟುವುದನ್ನು ಮೊಬೈಲಿನ ವಿಡಿಯೋ ನೋಡಿ ಕಲಿತೆ. ಹೀಗಾಗಿ ನನ್ನ ವಿದ್ಯೆಯಲ್ಲಿ ಅಲ್ಲಲ್ಲಿ ತೂತುಗಳಿವೆ. ಯಾವ ತೂತಿನಲ್ಲಿ ಯಾವಾಗ ಕಾಲು ಸಿಕ್ಕಿಕೊಳ್ಳುತ್ತದೆ ಎಂದು ನನಗೇ ತಿಳಿಯದು.

ಆ ಕುಂಕುಮ ಹಚ್ಚಿದವರು ನಮ್ಮ ಅತ್ತೆ. ಮಹಾನವಮಿಗೆ ನಮ್ಮ ಕಡೆ ಖಂಡೇ ಪೂಜೆ. ಮನೆಯಲ್ಲಿ ದುಡಿಯುವ ಸಾಮಾನು ಏನೇನಿದೆಯೋ ಎಲ್ಲವನ್ನೂ ತೊಳೆದು, ದೇವರ ಜಗಲಿಯ ಮೇಲೆ ಸಾಲಾಗಿ ಕೂರಿಸಿ, ಹೂ ಏರಿಸಿ ಕಾಯಿ ಒಡೆಯುತ್ತೇವೆ. ಕುಡಗೋಲು, ಕುರ್ಪಿ, ಈಳಿಗೆ, ಕತ್ತರಿ, ನಮ್ಮ ಮನೆಯವರ ಬೀಜದಂಗಡಿಯ ತಕ್ಕಡಿ. ಒಮ್ಮೆ ಜಗಲಿ ಏರಿದ್ದನ್ನು ಮರುದಿನ ಬನ್ನಿ ಮುಡಿಯುವವರೆಗೆ ಯಾರೂ ಎತ್ತುವಂತಿಲ್ಲ. ವರ್ಷವಿಡೀ ದುಡಿದದ್ದು ಒಂದು ದಿನವಾದರೂ ಸುಮ್ಮನೆ ಕೂರಲಿ ಎನ್ನುವುದು ಅತ್ತೆಯ ಕಾನೂನು. ಕಾಯಿಪಲ್ಲೆಯನ್ನು ಹಿಂದಿನ ದಿನವೇ ಹೆಚ್ಚಿಟ್ಟುಕೊಂಡಿರಬೇಕು. ಮರೆತರೆ ಬೇಳೆಯ ಸಾರೇ ಗತಿ.

ಚಿಕ್ಕವಳಿದ್ದಾಗ ಹತ್ತಿಕುಣಿಯ ತವರುಮನೆಯಲ್ಲಿ ಈ ಕಾನೂನಿನ ಮೇಲೆ ನನಗೆ ವಿಪರೀತ ಪ್ರೀತಿಯಿತ್ತು. ಪಾಠದ ಪುಸ್ತಕಗಳನ್ನೂ ಜಗಲಿಗೆ ಇಡಬಹುದಿತ್ತಲ್ಲ! ಇಟ್ಟ ಮೇಲೆ ಓದುವಂತಿಲ್ಲ. ಎಲ್ಲಕ್ಕಿಂತ ಮೊದಲು ಗಣಿತದ ಪುಸ್ತಕ ಒಯ್ದು ಇಡುತ್ತಿದ್ದೆ, ಅದಕ್ಕೇ ದೊಡ್ಡ ಹೂವು. 'ಏನವ್ವಾ, ಗಣಿತದ ಮ್ಯಾಲ ಇಷ್ಟು ಭಕ್ತಿ ಯಾವಾಗ ಬಂತು?' ಎಂದು ಅಪ್ಪ ಕೇಳುತ್ತಿದ್ದ. ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಒಂದು ವರ್ಷ ಪೂಜೆ ಮುಗಿದ ಮೇಲೆ ಒಬ್ಬರು ಪಂಕ್ಚರ್ ಆದ ಸೈಕಲ್ ನೂಕಿಕೊಂಡು ಬಂದರು. 'ಪಾನಾ, ಪಂಪು ಎಲ್ಲಾ ಜಗಲಿ ಮ್ಯಾಲ ಕುಂತಾವ್ರಿ, ನಾಡಿದ್ದ ಬರ್ರಿ' ಎಂದ ಅಪ್ಪ. ಅವರು ಬೇಡಿಕೊಂಡರು, ಆಮೇಲೆ ಸಿಟ್ಟಾದರು. ಅಪ್ಪ ಅವರನ್ನು ಕೂರಿಸಿ ಹೋಳಿಗೆ ಉಣ್ಣಿಸಿದ, ಮಜ್ಜಿಗೆ ಕೊಟ್ಟ, ಪಾನಾ ಮಾತ್ರ ಮುಟ್ಟಲಿಲ್ಲ. ಹೊಟ್ಟೆ ತುಂಬಿಸಿಕೊಂಡು ಗೊಣಗುತ್ತ ಸೈಕಲ್ ನೂಕಿಕೊಂಡು ಹೋದ ಆ ಮನುಷ್ಯರ ಬೆನ್ನು ನೋಡಿ ನಾನು ಬಿದ್ದು ಬಿದ್ದು ನಕ್ಕಿದ್ದೆ. ಅವರ ಸಂಕಟ ಏನಿತ್ತೆಂದು ನನಗೆ ತಿಳಿದದ್ದು ಮದುವೆಯಾಗಿ, ನೆತ್ತಿಯ ಕೂದಲು ಬೆಳ್ಳಗಾಗತೊಡಗಿದ ಮೇಲೆ.

ಹತ್ತಿರದ ಗೋಗಿ ಹಳ್ಳಿಯ ನಾಗವ್ವನ ಹಾಡಿನ ಕತೆ ಹೇಳುತ್ತೇನೆ. ನಾಗವ್ವ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚುವ ಹೆಂಗಸು. ಸಸಿ ಹಚ್ಚುವಾಗ ತಾನೇ ಕಟ್ಟಿಕೊಂಡು ಹಾಡುತ್ತಾಳೆ. ಅವಳ ಅಣ್ಣ ಹಣಮಂತ ತಮಟೆಯಂಥ ಹಲಗಿ ಬಾರಿಸುತ್ತಾನೆ. ಚಿಕ್ಕಂದಿನಿಂದ ಇಬ್ಬರದೂ ಜೋಡಿ. ಅವನು ಏಟು ಕೊಡದೆ ಇವಳ ಬಾಯಿ ತೆರೆಯುವುದಿಲ್ಲ, ಇವಳು ಬಾಯಿ ತೆರೆಯದೆ ಅವನ ಕೈಗೆ ಗತ್ತು ಬರುವುದಿಲ್ಲ. ಬೆಂಗಳೂರಿನ ಒಂದು ಹಾಡಿನ ಕಂಪನಿಯವರು ಹಳ್ಳಿಯ ಹೊಸ ದನಿಗಳನ್ನು ಹುಡುಕುತ್ತಿದ್ದಾರೆಂದು ತಿಳಿದು ನಾನೇ ನಾಗವ್ವನ ಹಾಡಿನ ಒಂದು ತುಣುಕು ಕಳಿಸಿದ್ದೆ. ಅವರು ಒಪ್ಪಿದರು. ಪೂರ್ತಿ ಹಾಡು ಮಹಾನವಮಿಯ ಸಂಜೆಯೊಳಗೆ ಅವರ ಕೈಸೇರಬೇಕು, ತಪ್ಪಿದರೆ ಆ ಜಾಗಕ್ಕೆ ಬೇರೆಯವರು. ನಾಗವ್ವನ ದನಿ ಊರ ಹೊರಗೆ ಹೋಗುವ ಮೊದಲ ದಾರಿ ಅದು. ಅವಳು ಗದ್ದೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು.

ಈಗ ಪ್ಲಗಿನ್ ಎಂಬ ಪ್ರಾಣಿಯ ವಿಷಯ ಹೇಳಲೇಬೇಕು. ಹಾಡು ಕಟ್ಟುವ ದೊಡ್ಡ ಸಾಫ್ಟ್‌ವೇರಿನ ಒಳಗೆ ಇದು ಬಾಡಿಗೆಗೆ ಇರುತ್ತದೆ. ನಾವು ಹಿಡಿದಿಟ್ಟ ಶಬ್ದಗಳನ್ನು ಒಂದೊಂದೇ ತೆಗೆದು ತಾಳಕ್ಕೆ ಸರಿಯಾಗಿ ನುಡಿಸುವುದು ಅದರ ಕೆಲಸ. ನನ್ನ ಶಬ್ದಗಳೆಲ್ಲ ಆ ಹಾರ್ಡ್ ಡಿಸ್ಕಿನಲ್ಲಿದ್ದವು. ಹಣಮಂತನ ಹಲಗಿಯ ಏಟುಗಳನ್ನು ಸುರಪುರದಲ್ಲಿ ಅವರ ಬಳಗದವರ ಮನೆಯಂಗಳದಲ್ಲಿ ಹಿಡಿದಿದ್ದೆ. ಹಲಗಿಯ ಚರ್ಮ ಬಿಗಿಯಬೇಕಾದರೆ ಬೆಂಕಿಗೆ ಹಿಡಿಯಬೇಕು. ನನ್ನ ಕೌದಿಯ ಕೋಣೆಯಲ್ಲಿ ಬೆಂಕಿ ಹಚ್ಚಿದರೆ ಹಾಡಿನ ಜೊತೆ ಮನೆಯೂ ಹೋಗುತ್ತದೆ. ಅದಕ್ಕೇ ಮೈಕನ್ನೇ ಬೆಂಕಿಯ ಹತ್ತಿರ ಒಯ್ದೆ. ಹತ್ತಿಕಟ್ಟಿಗೆಯ ಉರಿ, ಕಾಯಿಸಿದ ಹಲಗಿ, ಹಣಮಂತನ ಕೈ. ಅವನು ಮೈಮರೆತು ಬಾರಿಸಿದ, ನಾನು ಮೈಮರೆತು ಕೇಳಿದೆ. ಮುಗಿದ ಮೇಲೆ ನೋಡಿದರೆ ರೆಕಾರ್ಡ್ ಗುಂಡಿಯನ್ನೇ ಒತ್ತಿರಲಿಲ್ಲ. ಹಣಮಂತ ಮತ್ತೆ ಹಲಗಿ ಕಾಯಿಸಲು ಕೂತ. ಅದರ ಬದಲು ನಾಲ್ಕು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನವಮಿಯ ಬೆಳಿಗ್ಗೆ ಅತ್ತೆ ತಟ್ಟೆ ಹಿಡಿದುಕೊಂಡು ಕೌದಿಯ ಕೋಣೆಗೆ ಬಂದರು.

'ಏ ಶಾಂತಾ, ನಿನ್ನ ಕಂಪ್ಯೂಟರ್ ಕೊಡು. ಅದೂ ದುಡೀತದಲ್ಲ.'

'ಅತ್ತೀ, ಸಂಜೀತನಕ ಕೆಲಸ ಅದರಿ. ಇದೊಂದು ಬಿಡ್ರಿ.'

'ಹಂಗಂದ್ರ ಹ್ಯಾಂಗ? ವರ್ಷಾ ಒಂದು ನೆವಾ ಹೇಳ್ತಿ. ಏನರೆ ಒಂದು ಕೊಡು.'

ಚೌಕಾಸಿ ನಡೆಯಿತು. ಲ್ಯಾಪ್‌ಟಾಪು, ಮೈಕು ನನಗೆ. ಹಾರ್ಮೋನಿಯಮ್ಮು, ಹಾರ್ಡ್ ಡಿಸ್ಕು ದೇವರಿಗೆ. ಬೇಕಾದ ಶಬ್ದಗಳನ್ನೆಲ್ಲ ಹಿಂದಿನ ದಿನವೇ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದೆನಾದ್ದರಿಂದ ನಾನೇ ಗೆದ್ದೆ ಎಂದುಕೊಂಡೆ. ಅತ್ತೆ ಡಿಸ್ಕನ್ನು ಕತ್ತರಿ ಮತ್ತು ತಕ್ಕಡಿಯ ನಡುವೆ ಕೂರಿಸಿ, ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡು ಹೂವಿನ ದಂಡೆ ಹಾಕಿದರು. ಕಾಯಿ ಒಡೆದಾಯಿತು. ನಾನು ಕೈಮುಗಿದು ಬಂದು ಹಾಡು ತೆರೆದೆ.

ತೆರೆದ ಕೂಡಲೇ ಪರದೆಯ ನಡುವೆ ಒಂದು ಪೆಟ್ಟಿಗೆ ಎದ್ದು ನಿಂತಿತು. ಈ ಈ ಫೈಲುಗಳು ಸಿಗುತ್ತಿಲ್ಲ, ಎಲ್ಲಿವೆ ತೋರಿಸು, ಇಲ್ಲವೇ ಬಿಟ್ಟುಬಿಡು, ಇಲ್ಲವೇ ಎಲ್ಲವನ್ನೂ ಬಿಟ್ಟುಬಿಡು. ಕೆಳಗೆ ಹಲಗಿಯ ಏಟುಗಳ ಹೆಸರಿನ ಸಾಲು, ಒಂದೊಂದರ ಮುಂದೂ ಕೆಂಪು ಗುರುತು. ನಾಗವ್ವನ ದನಿ ಲ್ಯಾಪ್‌ಟಾಪಿನಲ್ಲೇ ಇತ್ತು, ಹಲಗಿ ಇರಲಿಲ್ಲ. ಪ್ಲೇ ಒತ್ತಿದರೆ ಅವಳೊಬ್ಬಳೇ ಬಯಲಲ್ಲಿ ಕೂಗಿದಂತೆ ಕೇಳಿಸುತ್ತಿತ್ತು.

ಆಮೇಲೆ ನಾನು ಮಾಡಿದ್ದನ್ನೆಲ್ಲ ಹೇಳಿದರೆ ನನ್ನ ಮರ್ಯಾದೆ ಉಳಿಯುವುದಿಲ್ಲ, ಆದರೂ ಹೇಳುತ್ತೇನೆ. ಸಾಫ್ಟ್‌ವೇರ್ ಮುಚ್ಚಿ ತೆರೆದೆ. ಲ್ಯಾಪ್‌ಟಾಪ್ ಆರಿಸಿ ಹೊತ್ತಿಸಿದೆ. ಪ್ಲಗಿನ್‌ಗಳನ್ನು ಮತ್ತೆ ಹುಡುಕು ಎಂದು ಅಪ್ಪಣೆ ಕೊಟ್ಟೆ. ಯಾರೋ ಪುಣ್ಯಾತ್ಮರು ಇಂಟರ್‌ನೆಟ್ಟಿನಲ್ಲಿ ಬರೆದದ್ದು ಓದಿ ಪ್ಲಗಿನ್ನನ್ನೇ ತೆಗೆದುಹಾಕಿ ಮತ್ತೆ ಕೂರಿಸಿದೆ. ಆ ಪುಣ್ಯಾತ್ಮರ ಉಪಾಯದ ಕೆಳಗೆ, ಇದರಿಂದ ನನ್ನದು ಇನ್ನೂ ಕೆಟ್ಟಿತು ಎಂದು ಬೇರೊಬ್ಬರು ಅತ್ತಿದ್ದರು. ಅದನ್ನು ಓದಿದ್ದು ಕೂರಿಸಿದ ಮೇಲೆ. ಕೊನೆಗೆ, ಇಳಿಸಿಕೊಂಡ ಶಬ್ದಗಳ ಫೋಲ್ಡರನ್ನು ನಾನೇ ತೆರೆದು ನೋಡೋಣವೆಂದು ಒತ್ತಿದೆ. ಅದು ತೆರೆಯಲೇ ಇಲ್ಲ. ಆಗ ಕಣ್ಣಿಗೆ ಬಿತ್ತು: ಫೋಲ್ಡರಿನ ಚಿತ್ರದ ಮೂಲೆಯಲ್ಲಿ ಒಂದು ಪುಟ್ಟ ಬಾಣದ ಗುರುತು. ನಾನು ಇಳಿಸಿಕೊಂಡದ್ದು ಶಬ್ದಗಳನ್ನಲ್ಲ, ಬರೀ ಶಾರ್ಟ್‌ಕಟ್ಟನ್ನು. ಮನೆಯ ವಿಳಾಸ ಬರೆದುಕೊಂಡು ಬಂದು ಮನೆಯನ್ನೇ ತಂದೆ ಎಂದುಕೊಂಡಿದ್ದೆ. ಮನೆ ಜಗಲಿಯ ಮೇಲಿತ್ತು, ಚೆಂಡು ಹೂವಿನ ದಂಡೆ ಹಾಕಿಕೊಂಡು.

ಅಡುಗೆಮನೆಗೆ ಹೋಗಿ ನಿಂತೆ. ಅತ್ತೆ ಕಣಕ ನಾದುತ್ತಿದ್ದರು.

'ಅತ್ತೀ, ಆ ಡಬ್ಬಿ ಒಂದು ತಾಸು ಕೊಡ್ರಿ. ಮತ್ತ ಅಲ್ಲೇ ಇಡ್ತೀನಿ.'

'ಯಾವ ಡಬ್ಬಿ? ಪೂಜಾಕ್ಕ ಕುಂತದ್ದಾ?'

'ನಾಗವ್ವನ ಹಾಡು ಅದರಾಗ ಸಿಕ್ಕೊಂಡದರಿ.'

ಅವರು ನಾದುವುದನ್ನು ಬಿಟ್ಟು ನನ್ನನ್ನೇ ನೋಡಿದರು. 'ನೋಡವ್ವಾ, ಹೊಲದಾಗ ಬೆಳಿ ಕೊಯ್ಲಿಗಿ ಬಂದಾಗನೂ ನಾ ಕುಡಗೋಲು ಎತ್ತಿಲ್ಲ. ನಿಮ್ಮ ಮಾವ ಬೈದ್ರು, ಮಂದಿ ನಕ್ರು. ನಿನ್ನ ಡಬ್ಬಿ ಕುಡಗೋಲಿಗಿಂತ ದೊಡ್ಡದೇನು?'

ನನಗೆ ಸಿಟ್ಟು ನೆತ್ತಿಗೇರಿತು. ಇವರಿಗೇನು ಗೊತ್ತು ಬೆಂಗಳೂರಿನ ಗಡುವು ಎಂದು ದಡದಡ ಕೋಣೆಗೆ ಬಂದು ಕಂಪನಿಯ ಸಾಹೇಬರಿಗೆ ಫೋನ್ ಹಚ್ಚಿದೆ. ಒಂದು ದಿನ ಮುಂದೂಡಿ ಎಂದು ಕೇಳಿದೆ. ಕಾರಣ ಕೇಳಿದರು. ಸುಳ್ಳು ಹೇಳಬಹುದಿತ್ತು, ಕರೆಂಟಿಲ್ಲ ಎಂದರೆ ನಮ್ಮ ಕಡೆಯ ಮಾತನ್ನು ಯಾರೂ ನಂಬದೆ ಇರುವುದಿಲ್ಲ. ಆದರೆ ಆ ಸಿಟ್ಟಿನಲ್ಲಿ ಇದ್ದದ್ದನ್ನೇ ಹೇಳಿಬಿಟ್ಟೆ.

ಅತ್ತಲಿಂದ ನಗು ಬಂತು, ಬಹಳ ಹೊತ್ತಿನ ನಗು. 'ಏನ್ ಮೇಡಂ ನೀವು, ಹಾರ್ಡ್ ಡಿಸ್ಕಿಗೆ ಪೂಜೆ ಮಾಡಿ ಕೂತಿದೀರಾ? ಇದಕ್ಕೇ ಅಲ್ವಾ ನಿಮ್ಮ ಕಡೆಯಿಂದ ಏನೂ ಟೈಮಿಗೆ ಬರಲ್ಲ! ಒಂದ್ ಕೆಲಸ ಮಾಡಿ, ಎಲ್ಲಾ ಬಿಟ್ಬಿಡು ಅಂತ ಕೊಟ್ಬಿಡಿ. ವಾಯ್ಸ್ ಮಾತ್ರ ಕಳ್ಸಿ. ನಮ್ಮ ಹತ್ರ ರೆಡಿ ಬೀಟ್ ಇದೆ, ಕೂರಿಸ್ಕೋತೀವಿ. ಯಾರಿಗೆ ಗೊತ್ತಾಗತ್ತೆ?' ಎಂದು ಆ ಬೀಟಿನ ಒಂದು ತುಣುಕನ್ನೂ ಕಳಿಸಿದರು.

ಅಲ್ಲಿಯವರೆಗೆ ನನ್ನ ಸಿಟ್ಟು ಅತ್ತೆಯ ಮೇಲಿತ್ತು. ಆ ನಗು ಕೇಳಿದ ಮೇಲೆ ಅದು ಎತ್ತಿನ ಬಂಡಿಯಂತೆ ನಿಧಾನವಾಗಿ ತಿರುಗಿತು, ತಿರುಗಿದ ಮೇಲೆ ಮಾತ್ರ ಗಟ್ಟಿಯಾಗಿ ನಿಂತಿತು. ನನ್ನ ಅತ್ತೆಯನ್ನು ನಾನು ಬೈಯಬಹುದು, ದಿನಾ ಬೈದುಕೊಳ್ಳುತ್ತೇನೆ. ಇವರು ಯಾರು ನಗುವುದಕ್ಕೆ? ವರ್ಷಕ್ಕೊಂದು ದಿನ ದುಡಿಯುವ ವಸ್ತುವನ್ನು ಸುಮ್ಮನೆ ಕೂರಿಸಿ ಹೂವಿಡುವುದರಲ್ಲಿ ನಗುವಂಥದ್ದು ಏನಿದೆ? ನೀವೇ ಹೇಳಿ. ಅವರ ಆಫೀಸಿನಲ್ಲಿ ವಸ್ತುವಿಗಿರಲಿ, ಮನುಷ್ಯರಿಗೂ ಅಂಥ ಒಂದು ದಿನ ಇದ್ದಂತೆ ಕಾಣಲಿಲ್ಲ.

ಅಷ್ಟರಲ್ಲಿ ನಾಗವ್ವ ಮತ್ತು ಹಣಮಂತ ಶೇರ್ ಆಟೋ ಹತ್ತಿ ಬಂದರು. ಪೂರ್ತಿಯಾದ ಹಾಡನ್ನು ಕಳಿಸುವ ಮುಂಚೆ ಒಮ್ಮೆ ಕೇಳಬೇಕೆಂದು ನಾನೇ ಕರೆದಿದ್ದೆ. ನಾಗವ್ವ ಹಬ್ಬದ ಹಸಿರು ಸೀರೆ ಉಟ್ಟಿದ್ದಳು. ಹಣಮಂತನ ಕೈ ಖಾಲಿ.

'ಹಲಗಿ ತಂದಿಲ್ಲೇನೋ?' ಎಂದೆ, ಮುಳುಗುವವಳ ಆಸೆಯಿಂದ.

'ಮುಂಜಾನಿ ಗುಡಿ ಮುಂದ ಬಾರಿಸಿ ಜಗಲಿಗಿ ಇಟ್ಟೀನ್ರಿ ಅಕ್ಕಾರ. ನಾಳಿಗಿ ಬನ್ನಿ ಮುಡಿಯೋತನಕ ಮುಟ್ಟಂಗಿಲ್ಲ.'

ಅಂದರೆ ಅವನ ಮನೆಯಲ್ಲೂ ಅದೇ ಕಾನೂನು! ನಡೆದದ್ದನ್ನೆಲ್ಲ ಹೇಳಿದೆ. ಬೆಂಗಳೂರಿನ ಬೀಟನ್ನೂ ನಾಗವ್ವನ ದನಿಯ ಕೆಳಗೆ ಇಟ್ಟು ಕೇಳಿಸಿದೆ. ಅವಳ ಹಾಡು ಅವಳಿಗೆ ಸೇರಿದ್ದು, ಬಿಡುವುದೋ ಹಿಡಿಯುವುದೋ ಅವಳೇ ಹೇಳಲಿ ಎಂದು ನನ್ನ ಬಾಯಿ ಬಿಗಿಹಿಡಿದೆ. ಬೀಟು ಧಡಧಡ ಓಡಿತು.

ನಾಗವ್ವ ತಲೆ ಓರೆ ಮಾಡಿ ಕೇಳಿದಳು. 'ಇದು ಲಗ್ನದಾಗ ಕುಣಿಯೋದ್ರಿ ಅಕ್ಕಾರ. ನಾವು ಕೆಸರಾಗ ಇದ್ದೀವಿ. ಸಸಿ ಹಚ್ಚೋರು ಹಿಂದಕ್ಕ ಹಿಂದಕ್ಕ ಹೋಗ್ತೀವಿ. ಇದು ಮುಂದಕ್ಕ ಓಡಾಕತ್ತದ. ಇದರ ಸಂಗಾಟ ಹಚ್ಚಿದ್ರ ಹಚ್ಚಿದ ಸಸಿನೇ ತುಳೀತೀವಿ.'

'ಮತ್ತೇನು ಮಾಡೋಣ? ಹಲಗಿ ಇಲ್ಲ, ಡಿಸ್ಕ್ ಇಲ್ಲ.'

ಅವಳು ಅಣ್ಣನ ಕಡೆ ನೋಡಿದಳು. 'ಬಾಯಿ ಪೂಜಾಕ್ಕ ಇಟ್ಟಿಲ್ಲಲ್ಲಾ?'

ಹಣಮಂತ ನಾಚಿಕೊಂಡ. ಚಿಕ್ಕಂದಿನಲ್ಲಿ ಅವರಪ್ಪ ಹಲಗಿ ಮುಟ್ಟಲು ಬಿಡದಿದ್ದಾಗ ಬಾಯಲ್ಲೇ ಬಾರಿಸಿ ತಂಗಿಯನ್ನು ಹಾಡಿಸುತ್ತಿದ್ದನಂತೆ. ಅದು ಹುಡುಗಾಟಿಕೆ, ಮೈಕಿನ ಮುಂದೆ ಹ್ಯಾಗೆ ಎಂದು ತಕರಾರು ತೆಗೆದ. ತಂಗಿ ಬಿಡಲಿಲ್ಲ. ಫ್ಯಾನ್ ಬಂದ್ ಮಾಡಿದೆ. ಈ ಸಲ ರೆಕಾರ್ಡ್ ಗುಂಡಿ ಒತ್ತಿದ್ದೇನೆಯೇ ಎಂದು ಎರಡೆರಡು ಸಲ ನೋಡಿಕೊಂಡೆ. ಹಣಮಂತ ಕಣ್ಣು ಮುಚ್ಚಿ, ತೊಡೆಯ ಮೇಲೆ ಅಂಗೈ ಬಡಿಯುತ್ತ ಶುರು ಮಾಡಿದ. ಜಗ್ಗ ಣಕ ಣಕ, ಜಗ್ಗ ಣಕ. ಮೊದಲು ಅಳುಕಿತ್ತು. ನಾಗವ್ವ ದನಿ ಕೂಡಿಸಿದಳು:

ಕಾಲುವಿ ನೀರು ಬಂದಾವ ಬಾರೆ ತಂಗಿ
ಬಗ್ಗಿದ ಬೆನ್ನೀಗಿ ಬಿಸಿಲೇ ಅಂಗಿ

ಅಳುಕು ಎಲ್ಲೋ ಹೋಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುತ್ತ, ನಗುವಿನ ನಡುವೆ ಉಸಿರು ಹಿಡಿಯುತ್ತ, ನಿಧಾನವಾಗಿ ಹಿಂದಕ್ಕೆ ಹಿಂದಕ್ಕೆ ನಡೆಯುವ ಲಯದಲ್ಲಿ ಮುಗಿಸಿದರು. ಬಾಗಿಲಲ್ಲಿ ನಿಂತ ಅತ್ತೆ ಹಿಟ್ಟಿನ ಕೈಯಲ್ಲೇ ತಾಳ ಹಾಕುತ್ತಿದ್ದರು. ನನಗೆ ಖುಷಿಯಾಯಿತು. ಎಷ್ಟು ಖುಷಿಯಾಯಿತೆಂದರೆ ಅತ್ತೆಯ ಮೇಲಿದ್ದ ಚೂರುಪಾರು ಸಿಟ್ಟೂ ಕರಗಿಹೋಯಿತು.

ಅದನ್ನೇ ಕಳಿಸಿದೆ. ಸಾಹೇಬರ ಫೋನು ಕೂಡಲೇ ಬಂತು. ಸ್ಪೀಕರಿಗೆ ಹಾಕಿದೆ.

'ಮೇಡಂ, ಏನಿದು ಬಾಯಲ್ಲಿ ಗಲಾಟೆ? ಇದನ್ನ ತೆಗೆದು ನಮ್ಮ ಬೀಟ್ ಹಾಕ್ತೀವಿ. ಹಾಡೋ ಅವರಿಗೆ ಒಪ್ಪಿಗೆ ತಾನೆ?'

ನಾಗವ್ವ ನನ್ನ ಕೈಯಿಂದ ಫೋನು ತೆಗೆದುಕೊಂಡಳು. 'ಒಪ್ಪಿಗಿ ಇಲ್ರಿ ಸಾಹೇಬ್ರ. ನಮ್ಮಣ್ಣನ್ನ ತೆಗೀತೀನಂದ್ರ ನನ್ನೂ ತೆಗೀರಿ.'

ಅತ್ತಲಿಂದ, 'ಸರಿ ಬಿಡಿ, ಬೇರೆಯವರಿದಾರೆ' ಎಂದು ಕೇಳಿಸಿತು. ಅಷ್ಟೇ. ಗದ್ದೆಯಲ್ಲಿ ಎಲ್ಲರಿಗೂ ಹೇಳಿ ಬಂದಿದ್ದವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಬೆವರನ್ನೋ ಮತ್ತೇನನ್ನೋ ನಾನು ಕೇಳಲಿಲ್ಲ. ಅತ್ತೆ, 'ಏಳ್ರಿ, ಹೋಳಿಗಿ ಆರತಾವ' ಎಂದರು. ಎದ್ದು ಹೋಗಿ ಉಂಡೆವು.

ಮರುದಿನ ಬನ್ನಿ ಮುಡಿದು ಬಂದ ಮೇಲೆ ಅತ್ತೆ ತಾವೇ ಡಿಸ್ಕನ್ನು ಇಳಿಸಿ ಕೊಟ್ಟರು. ಜೋಡಿಸಿದೆ. ಮತ್ತೆ ಅದೇ ಪೆಟ್ಟಿಗೆ, ಅದೇ ಕೆಂಪು ಗುರುತು! ಗಾಬರಿಯಲ್ಲಿ ವೈರನ್ನು ಬೇರೆ ತೂತಿಗೆ ಸಿಕ್ಕಿಸಿದ್ದೆ, ಲ್ಯಾಪ್‌ಟಾಪು ಡಿಸ್ಕಿಗೆ ಬೇರೆ ಅಕ್ಷರದ ಹೆಸರು ಕೊಟ್ಟಿತ್ತು. ಪ್ಲಗಿನ್ ಹಳೆಯ ಹೆಸರನ್ನೇ ಕೂಗಿ ಕೂಗಿ ಯಾರೂ ಓಗೊಡುತ್ತಿಲ್ಲವೆಂದು ಅಳುತ್ತಿತ್ತು. ಕೈಹಿಡಿದು ಹೊಸ ದಾರಿ ತೋರಿಸಿದೆ. ಕೆಂಪು ಗುರುತುಗಳು ಒಂದೊಂದಾಗಿ ಅಳಿದವು. ಹಣಮಂತನ ಕಾಯಿಸಿದ ಹಲಗಿ ಗುಡುಗಿತು.

ಎರಡು ಬಗೆಯ ಹಾಡನ್ನೂ ಅಣ್ಣತಂಗಿಗೆ ಕೇಳಿಸಿದೆ. ಹಲಗಿಯದು ಚೊಕ್ಕವಾಗಿತ್ತು. ಬಾಯಿಯದರಲ್ಲಿ ನಗುವಿತ್ತು, ಒಂದು ಕಡೆ ಅತ್ತೆಯ ಬಳೆಯ ಸದ್ದೂ ಇತ್ತು. 'ಇದ ಇರಲಿ' ಎಂದಳು ನಾಗವ್ವ. ಬಾಯಿಯ ಹಾಡನ್ನೇ ನಾವಾಗಿ ಇಂಟರ್‌ನೆಟ್ಟಿಗೆ ಹಾಕಿದೆವು. ಹಾಡಿದವರು ಇಂಥವರು, ಬಾಯಲ್ಲಿ ಬಾರಿಸಿದವರು ಇಂಥವರು ಎಂದು ಇಬ್ಬರ ಹೆಸರನ್ನೂ ಒಂದೇ ಗಾತ್ರದಲ್ಲಿ ಬರೆದೆ. ದೇಶವೇನೂ ಅಲ್ಲೋಲಕಲ್ಲೋಲ ಆಗಲಿಲ್ಲ. ಆದರೆ ಗೋಗಿಯ ಆಟೋಗಳಲ್ಲಿ ಕೇಳಿಸಿತು, ಶಹಾಪುರ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೇಳಿಸಿತು, ಸುಗ್ಗಿ ಮುಗಿಯುವ ಹೊತ್ತಿಗೆ ಸುರಪುರದ ಕಡೆಯಿಂದ ಜನ ನಾಗವ್ವನನ್ನು ಹುಡುಕಿಕೊಂಡು ಬಂದರು.

ಮೊನ್ನೆ ಆ ಸಾಹೇಬರಿಂದ ಮೆಸೇಜು ಬಂದಿತ್ತು. ಅಣ್ಣತಂಗಿ ಇಬ್ಬರೂ ಅವತ್ತು ಕೋಣೆಯಲ್ಲೇ ಇದ್ದರು, ಹೊಸ ಹಾಡಿಗೆಂದು ಬಂದಿದ್ದರು. ಗಟ್ಟಿಯಾಗಿ ಓದಿದೆ: 'ಮೇಡಂ, ಆ ಬಾಯಿ ಬೀಟ್ ತುಂಬ ಚೆನ್ನಾಗಿದೆ. ಯಾವ ಪ್ಲಗಿನ್? ನಮ್ಮ ಇನ್ನೊಬ್ಬ ಸಿಂಗರ್‌ಗೆ ಬೇಕಿತ್ತು. ಫೈಲ್ ಮಾತ್ರ ಕಳ್ಸಿಕೊಡಿ.'

ಏನು ಬರೆಯಲಿ ಎಂದು ಹಣಮಂತನನ್ನೇ ಕೇಳಿದೆ. ಅವನು ಹಲಗಿಯ ಅಂಚು ಸವರಿದ.

'ಬರೇ ಬಾಯಿ ಕಳಿಸಬ್ಯಾಡ್ರಿ ಅಕ್ಕಾರ. ಬೇಕಾದ್ರ ಕರೀಲಿ, ನಾನ ಬರ್ತೀನಿ.'

ಒಂದಕ್ಷರ ಬದಲಿಸದೆ ಹಾಗೇ ಬರೆದು ಕಳಿಸಿದೆ.